ಮೇಷ್ಟ್ರ ಪತ್ರದ ‘ತಾ.ಕ.’

ಸಾಗರ ತಾಲ್ಲೂಕಿನ ನಿವೃತ್ತ ಶಿಕ್ಷಕರೊಬ್ಬರ ಪತ್ರ, ತುಸು ಸಂಗ್ರಹಿಸಿ:

“ಮಗ ಇಂಜಿನಿಯರಿಂಗ್ ಓದುವಾಗ 2013ರಲ್ಲಿ ಕೊಂಡ ಲ್ಯಾಪ್‌ಟಾಪ್ ಈಗ ನನ್ನ ಪಾಲಿಗೆ ಬಂದಿದೆ. ಬ್ಯಾಟರಿ ನಿಲ್ಲುವುದಿಲ್ಲ, ಚಾರ್ಜರ್ ಸಿಕ್ಕಿಸಿಕೊಂಡೇ ನಡೆಸುತ್ತೇನೆ. ಮೊನ್ನೆ ನಮ್ಮ ತಂದೆಯವರ ತಾಳಮದ್ದಳೆಯ ಸಿ.ಡಿ. ಹಾಕಿದೆ. ಒಳಗೆ ಕರಕರ ಸದ್ದಾಯಿತೇ ಹೊರತು ಹಾಡಲಿಲ್ಲ. ಬಟನ್ ಒತ್ತಿದರೆ ಟ್ರೇ ಹೊರಗೂ ಬರಲಿಲ್ಲ. ಅಷ್ಟರಲ್ಲಿ ಕರೆಂಟು ಹೋಯಿತು. ಬಂದ ಮೇಲೆ ಸ್ವಿಚ್ ಒತ್ತಿದರೆ ಜೀವವೇ ಇಲ್ಲ. ನಿಮ್ಮ ಪತ್ರಿಕೆಯಲ್ಲಿ ಹಿಂದೊಮ್ಮೆ ಬರೆದಿದ್ದಂತೆ ಬ್ಯಾಟರಿ, ಚಾರ್ಜರ್ ಎರಡನ್ನೂ ತೆಗೆದು ಸ್ವಿಚ್ಚನ್ನು ಅರ್ಧ ನಿಮಿಷ ಅದುಮಿ ಹಿಡಿದೆ. ಆಮೇಲೆ ದೀಪ ಹತ್ತಿತು, ಫ್ಯಾನ್ ತಿರುಗಿತು. ಆದರೆ ಕಪ್ಪು ಪರದೆಯ ಮೇಲೆ ‘ನೋ ಬೂಟಬಲ್ ಡಿವೈಸ್’ ಎಂಬ ಬಿಳಿ ಅಕ್ಷರ ಬಿಟ್ಟರೆ ಮತ್ತೇನೂ ಇಲ್ಲ. ಪೇಟೆಯ ರಿಪೇರಿಯವರು ‘ಬೋರ್ಡ್ ಹೋಗಿದೆ ಸಾರ್, ಇಲ್ಲಾಂದ್ರೆ ಫಾರ್ಮ್ಯಾಟ್ ಹೊಡೀಬೇಕು’ ಎಂದರು. ಸಿ.ಡಿ. ಇರುವುದು ಒಂದೇ ಒಂದು, 2006ರಲ್ಲಿ ಕ್ಯಾಸೆಟ್ಟಿನಿಂದ ಮಾಡಿಸಿದ್ದು. ತೆಗೆಯಬಹುದೇ? ಯಂತ್ರ ಸತ್ತಿದೆಯೇ? ನನ್ನ ಕೈತಪ್ಪೇ?

ತಾ.ಕ.: ಒಂದೆರಡು ತಿಂಗಳಿಂದ ಇದರ ಗಡಿಯಾರವೂ ಕೆಟ್ಟಿತ್ತು. ಎಷ್ಟು ಸಲ ಸರಿಮಾಡಿದರೂ ತಾರೀಖು ಹಿಂದೆ ಬೀಳುತ್ತಿತ್ತು. ಒಮ್ಮೆ ಬ್ಯಾಂಕಿನ ವೆಬ್‌ಸೈಟೂ ತೆರೆಯಲಿಲ್ಲ. ಅದು ಬೇರೆ ವಿಷಯ, ಬಿಡಿ.”

ಮೇಷ್ಟ್ರಿಗೆ ನಮಸ್ಕಾರ.

‘ಬೇರೆ ವಿಷಯ, ಬಿಡಿ’ ಎಂದು ನೀವು ಬದಿಗೆ ಸರಿಸಿದ ಗಡಿಯಾರವನ್ನೇ ನಾನು ಮೊದಲು ಎತ್ತಿಕೊಳ್ಳುತ್ತೇನೆ. ಎರಡು ಸಲ ಪತ್ರ ಓದಿದಾಗಲೂ ನನ್ನ ಕಣ್ಣು ಸಿ.ಡಿ.ಯ ಮೇಲೇ ಇತ್ತು. ಮೂರನೆಯ ಸಲ ತಾ.ಕ. ಕಣ್ಣಿಗೆ ಬಿತ್ತು. ನಿಮ್ಮ ಲ್ಯಾಪ್‌ಟಾಪ್ ಏಳದಿರುವುದಕ್ಕೆ ಕಾರಣ ಬಹುಮಟ್ಟಿಗೆ ಆ ಮೂರು ಸಾಲಿನಲ್ಲೇ ಇದೆ.

ಅದಕ್ಕೂ ಮುಂಚೆ ಒಂದು ಸಮಾಧಾನ. ಬೋರ್ಡ್ ಪೂರ್ತಿ ಹೋಗಿದ್ದರೆ ಆ ಬಿಳಿ ಅಕ್ಷರಗಳು ಮೂಡುತ್ತಲೇ ಇರಲಿಲ್ಲ. ಸ್ವಿಚ್ ಒತ್ತಿದ ಕೂಡಲೇ ಲ್ಯಾಪ್‌ಟಾಪ್ ತನ್ನ ಮೈಯನ್ನು ತಾನೇ ತಡವಿ ನೋಡಿಕೊಳ್ಳುತ್ತದೆ: ಪ್ರೊಸೆಸರ್ ಇದೆಯೇ, ಮೆಮೊರಿ ಇದೆಯೇ, ಪರದೆ ಇದೆಯೇ. ಅದೆಲ್ಲ ಸರಿ ಕಂಡ ಮೇಲಷ್ಟೇ ‘ವಿಂಡೋಸ್ ಎಲ್ಲಿದೆ’ ಎಂದು ಹುಡುಕಲು ಹೊರಡುತ್ತದೆ. ನಿಮ್ಮದು ಹಾಜರಿ ಕರೆದು ಮುಗಿಸಿದೆ, ಪಾಠದ ಪುಸ್ತಕ ಎಲ್ಲಿಟ್ಟೆ ಎಂಬುದು ಮಾತ್ರ ನೆನಪಾಗುತ್ತಿಲ್ಲ. ಅಂಥ ಮೇಷ್ಟ್ರನ್ನು ಸತ್ತರೆಂದು ಯಾರೂ ಹೇಳುವುದಿಲ್ಲ.

ಈಗ ಗಡಿಯಾರ. ಲ್ಯಾಪ್‌ಟಾಪಿನ ಬೋರ್ಡಿನ ಮೇಲೆ ನಾಣ್ಯದಷ್ಟಿರುವ ಒಂದು ಸೆಲ್ ಇರುತ್ತದೆ. ಸಾಮಾನ್ಯವಾಗಿ ಅದು ಸಿಆರ್‌2032: ಅಗಲ 20 ಮಿಲಿಮೀಟರ್, ದಪ್ಪ 3.2 ಮಿಲಿಮೀಟರ್, ಹೆಸರಿನಲ್ಲೇ ಅಳತೆ ಇದೆ. ಕೊಡುವುದು 3 ವೋಲ್ಟ್. ಯಂತ್ರ ಮಲಗಿದ್ದಾಗ ಗಡಿಯಾರ ನಡೆಸುವುದು, ಅನೇಕ ಹಳೆಯ ಮಾದರಿಗಳಲ್ಲಿ ಒಂದಿಷ್ಟು ಸೆಟ್ಟಿಂಗ್‌ಗಳನ್ನು ನೆನಪಿಟ್ಟುಕೊಳ್ಳುವುದು ಇದರ ಕೆಲಸ. ದೊಡ್ಡ ಬ್ಯಾಟರಿ ಗಟ್ಟಿಯಿದ್ದಷ್ಟು ಕಾಲ ಈ ಸೆಲ್ಲಿಗೆ ಹೆಚ್ಚು ದುಡಿಮೆ ಇಲ್ಲ. ನಿಮ್ಮ ಬ್ಯಾಟರಿ ಕೈಕೊಟ್ಟಿದೆ, ಚಾರ್ಜರ್ ಕಿತ್ತರೆ ಭಾರವೆಲ್ಲ ಇದರ ಮೇಲೆ. ಮುದಿಯಾದ ಸೆಲ್ ಮೊದಲು ತಾರೀಖನ್ನು ಬಿಟ್ಟುಕೊಡುತ್ತದೆ. ತಾರೀಖು ಬಹಳ ಹಿಂದೆ ಬಿದ್ದರೆ ಬ್ಯಾಂಕಿನ ವೆಬ್‌ಸೈಟಿನ ಪ್ರಮಾಣಪತ್ರ ಇನ್ನೂ ಜಾರಿಗೇ ಬಂದಿಲ್ಲ ಎಂದು ಬ್ರೌಸರ್ ಲೆಕ್ಕ ಹಾಕಿ ಬಾಗಿಲು ಮುಚ್ಚುತ್ತದೆ. ಅಲ್ಲಿ ಬ್ಯಾಂಕಿನದೂ ತಪ್ಪಿಲ್ಲ, ನಿಮ್ಮ ಇಂಟರ್ನೆಟ್ಟಿನದೂ ತಪ್ಪಿಲ್ಲ.

ಇಲ್ಲಿ ನಮ್ಮ ಪತ್ರಿಕೆಯೂ ಒಂದು ತಪ್ಪು ಒಪ್ಪಿಕೊಳ್ಳಬೇಕು. ಬ್ಯಾಟರಿ ತೆಗೆದು ಸ್ವಿಚ್ ಅದುಮಿ ಹಿಡಿಯುವ ಉಪಾಯ ಒಳ್ಳೆಯದೇ. ಒಳಗೆ ಉಳಿದ ಚಾರ್ಜ್ ಇಳಿದು, ಸೆಟೆದು ನಿಂತ ಯಂತ್ರ ಎಷ್ಟೋ ಸಲ ಏಳುತ್ತದೆ. ನಿಮ್ಮಲ್ಲೂ ಎದ್ದಿತು. ಆದರೆ ನಾಣ್ಯದ ಸೆಲ್ ಸತ್ತಿರುವ ಯಂತ್ರದಲ್ಲಿ ಹಾಗೆ ಮಾಡಿದರೆ ಉಳಿದಿದ್ದ ಸೆಟ್ಟಿಂಗ್‌ಗಳೂ ಅಳಿಸಿ, ಕಾರ್ಖಾನೆಯಿಂದ ಬಂದ ದಿನದ ಸ್ಥಿತಿಗೆ ಮರಳಬಹುದು ಎಂದು ನಾವು ಬರೆಯಲಿಲ್ಲ. ಬರೆಯಬೇಕಿತ್ತು.

2013ರಲ್ಲಿ ಅಂಗಡಿಗೆ ಬಂದ ಲ್ಯಾಪ್‌ಟಾಪ್‌ಗಳಲ್ಲಿ ಹೆಚ್ಚಿನವು ವಿಂಡೋಸ್ 8 ಹೊತ್ತು, ಯುಇಎಫ್‌ಐ ಎಂಬ ಹೊಸ ಪದ್ಧತಿಯಲ್ಲಿ ಏಳುವಂತೆ ಸಿದ್ಧವಾಗಿ ಬರುತ್ತಿದ್ದವು. ಆಮೇಲೆ ಯಾರೋ ಬೇರೆ ವಿಂಡೋಸ್ ಹಾಕುವಾಗ ಲೆಗಸಿ ಎಂಬ ಹಳೆಯ ಪದ್ಧತಿಗೆ ಬದಲಿಸಿ ಹಾಕಿರುವುದು ತೀರಾ ಸಾಮಾನ್ಯ. ನಿಮ್ಮ ಮಗನನ್ನು ಕೇಳಿ, ಕಾಲೇಜಿನಲ್ಲಿದ್ದಾಗ ಒಮ್ಮೆಯಾದರೂ ಓ.ಎಸ್. ಹಾಕಿಸಿಯೇ ಇರುತ್ತಾನೆ. ಸೆಟ್ಟಿಂಗ್ ಅಳಿಸಿ ಯಂತ್ರ ಯುಇಎಫ್‌ಐಗೆ ಮರಳಿದರೆ ಎದುರಿಗೇ ಇರುವ ಹಳೆಯ ಪದ್ಧತಿಯ ವಿಂಡೋಸ್ ಅದಕ್ಕೆ ಕಾಣುವುದಿಲ್ಲ. ‘ನೋ ಬೂಟಬಲ್ ಡಿವೈಸ್’ ಎಂದುಬಿಡುತ್ತದೆ. ನಿಮ್ಮ ಫೈಲು, ಫೋಟೊ ಎಲ್ಲ ಒಳಗೆ ಇದ್ದಲ್ಲೇ ಇರುತ್ತವೆ. ಇಂಥ ಹೊತ್ತಿನಲ್ಲಿ ಫಾರ್ಮ್ಯಾಟ್ ಹೊಡೆಸುವುದೆಂದರೆ ಬೀಗದ ಕೈ ಸಿಗಲಿಲ್ಲವೆಂದು ಮನೆ ಕೆಡವಿದ ಹಾಗೆ.

ನೋಡುವ ಬಗೆ ಹೀಗೆ. ಲ್ಯಾಪ್‌ಟಾಪ್ ಆನ್ ಮಾಡಿದ ಕ್ಷಣದಿಂದ ಎಫ್2 ಕೀಲಿಯನ್ನು ಟಪಟಪ ತಟ್ಟುತ್ತಿರಿ. ಕೆಲವು ಕಂಪನಿಯವುಗಳಲ್ಲಿ ಅದು ಎಫ್10, ಡಿಲೀಟ್ ಅಥವಾ ಎಸ್ಕೇಪ್. ಸೆಟಪ್ ಪುಟ ತೆರೆದುಕೊಳ್ಳುತ್ತದೆ. ಏನನ್ನೂ ಮುಟ್ಟುವ ಮೊದಲು ಪ್ರತಿ ಪುಟದ್ದೂ ಮೊಬೈಲಿನಲ್ಲಿ ಒಂದೊಂದು ಫೋಟೊ ತೆಗೆದಿಟ್ಟುಕೊಳ್ಳಿ. ಮೊದಲ ಪುಟದಲ್ಲೇ ತಾರೀಖು ಇರುತ್ತದೆ. ಅಲ್ಲಿ ಎಂದೋ ಕಳೆದುಹೋದ ಇಸವಿ ಕಂಡರೆ ನನ್ನ ಊಹೆಗೆ ಬಲ ಬಂತು. ಆಮೇಲೆ ಹಾರ್ಡ್ ಡಿಸ್ಕಿನ ಹೆಸರು ಹುಡುಕಿ. ಅಕ್ಷರ, ಅಂಕಿ ಬೆರೆತ ಒಂದು ಉದ್ದನೆಯ ಹೆಸರು ಕಂಡರೆ ಡಿಸ್ಕ್ ಇದೆ, ಉಸಿರಾಡುತ್ತಿದೆ. ಬೂಟ್ ಎಂಬ ಪುಟಕ್ಕೆ ಹೋಗಿ ಯುಇಎಫ್‌ಐ ಇದ್ದದ್ದನ್ನು ಲೆಗಸಿ ಮಾಡಿ, ಎಫ್10 ಒತ್ತಿ ಉಳಿಸಿ ಹೊರಬನ್ನಿ. ಲೆಗಸಿ ಸಾಲು ಮಸುಕಾಗಿದ್ದು ಆಯ್ಕೆಗೆ ಸಿಗದಿದ್ದರೆ ಸೆಕ್ಯೂರ್ ಬೂಟ್ ಎಂಬುದನ್ನು ಮೊದಲು ಆಫ್ ಮಾಡಬೇಕು. ಲೆಗಸಿ ಮಾಡಿಯೂ ಏಳದಿದ್ದರೆ ಮೊದಲಿದ್ದಂತೆ ಮಾಡಿ ಬಿಡಿ, ಅದರಿಂದ ನಷ್ಟವೇನಿಲ್ಲ.

ಹಾರ್ಡ್ ಡಿಸ್ಕಿನ ಹೆಸರೇ ಕಾಣದಿದ್ದರೆ ಕಥೆ ಬೇರೆ. ಕಿವಿಯನ್ನು ಕೀಬೋರ್ಡಿನ ಪಕ್ಕಕ್ಕಿಟ್ಟು ಕೇಳಿ. ಹಲ್ಲಿ ಲೊಚಗುಟ್ಟಿದ ಹಾಗೆ ಟಿಕ್, ಟಿಕ್ ಎಂದು ಒಂದೇ ಲಯದಲ್ಲಿ ಬರುತ್ತಿದ್ದರೆ ತಕ್ಷಣ ಆಫ್ ಮಾಡಿ, ಮತ್ತೆ ಮತ್ತೆ ಆನ್ ಮಾಡಿ ಪರೀಕ್ಷಿಸಬೇಡಿ. ಅದು ಡಿಸ್ಕ್ ಸಾಯುತ್ತಿರುವ ಸದ್ದು, ಪ್ರತಿ ಸಲವೂ ಇನ್ನಷ್ಟು ಹೋಗುತ್ತದೆ. ಸದ್ದೇ ಇಲ್ಲದಿದ್ದರೆ ಡಿಸ್ಕನ್ನು ಕಳಚಿ ಮತ್ತೆ ಒತ್ತಿ ಕೂರಿಸಿದಾಗ ಸರಿಹೋಗುವುದೂ ಉಂಟು.

ಸೆಲ್ ಬದಲಿಸುವ ವಿಷಯ: ಕೆಲವು ಮಾದರಿಯಲ್ಲಿ ಅಡಿಯ ಮುಚ್ಚಳ ತೆಗೆದರೆ ಕೈಗೇ ಸಿಗುತ್ತದೆ, ಕೆಲವದರಲ್ಲಿ ಇಡೀ ಬೋರ್ಡ್ ಎತ್ತಬೇಕು. ಎರಡನೆಯದಾದರೆ ಅಂಗಡಿಗೇ ಕೊಡಿ. ಹಳೆಯ ಸೆಲ್ಲನ್ನು ಮಾತ್ರ ಮೇಜಿನ ಮೇಲೆ ಬಿಡಬೇಡಿ. ಮೊಮ್ಮಕ್ಕಳು ಬಾಯಿಗೆ ಹಾಕಿಕೊಂಡರೆ ಗಂಟಲು ಸುಟ್ಟುಹೋಗುವಂಥದ್ದು ಅದು.

ಇನ್ನು ಸಿ.ಡಿ. ನಿಜ ಹೇಳಬೇಕೆಂದರೆ ನನಗೆ ಚಿಂತೆ ಇರುವುದು ಇದರದೇ. ಲ್ಯಾಪ್‌ಟಾಪ್ ಇನ್ನೊಂದು ಸಿಕ್ಕೀತು.

ಸೆಟಪ್ ಪುಟ ತೆರೆದಿರುವಾಗಲೇ ಟ್ರೇಯ ಬಟನ್ ಒಮ್ಮೆ ಒತ್ತಿ ನೋಡಿ. ಅಲ್ಲಿ ವಿಂಡೋಸ್ ಇನ್ನೂ ಎದ್ದಿಲ್ಲ, ಡ್ರೈವನ್ನು ಹಿಡಿದಿಟ್ಟುಕೊಂಡವರಿಲ್ಲ, ಎಷ್ಟೋ ಸಲ ಬಂದುಬಿಡುತ್ತದೆ. ಬರದಿದ್ದರೆ ಆಫ್ ಮಾಡಿ, ಚಾರ್ಜರ್ ಕಿತ್ತು, ಎರಡು ನಿಮಿಷ ಕಾಯಿರಿ, ಒಳಗೆ ಸಿ.ಡಿ. ಪೂರ್ತಿ ನಿಲ್ಲಬೇಕು. ಟ್ರೇಯ ಮುಂಭಾಗಕ್ಕೆ ಟಾರ್ಚು ಬಿಟ್ಟು ನೋಡಿದರೆ ಸೂಜಿಮೊನೆಯಷ್ಟು ಒಂದು ತೂತು ಕಾಣುತ್ತದೆ. ಮೈಕ್ ಇರಬೇಕು, ಲೈಟ್ ಇರಬೇಕು ಎಂದು ಅನೇಕರು ವರ್ಷಗಟ್ಟಲೆ ಅಂದುಕೊಂಡಿರುತ್ತಾರೆ. ಇಂಥ ದಿನಕ್ಕೆಂದೇ ಇಟ್ಟ ತೂತು ಅದು. ಜೆಮ್ ಕ್ಲಿಪ್ಪೊಂದನ್ನು ನೆಟ್ಟಗೆ ಮಾಡಿ, ಓರೆಯಾಗದಂತೆ ನೇರ ಒಳಗೆ ತೂರಿಸಿ. ಸ್ವಲ್ಪ ಹೋದ ಮೇಲೆ ತಡೆ ಸಿಗುತ್ತದೆ. ಅಲ್ಲಿ ತುಸು ಒತ್ತಿದರೆ ಟಕ್ ಎಂದು ಟ್ರೇ ಒಂದು ಬೆರಳಿನಷ್ಟು ಹೊರಬರುತ್ತದೆ. ಗುಂಡುಸೂಜಿ ಬೇಡ, ಗಿಡ್ಡ. ಚಾಕು, ಸ್ಕ್ರೂ ಡ್ರೈವರ್ ಹಾಕಿ ಮೀಟುವುದಂತೂ ಬೇಡವೇ ಬೇಡ.

ಹೊರಬಂದ ಟ್ರೇಯನ್ನು ಬಲವಾಗಿ ಎಳೆಯಬೇಡಿ. ಒಳಗೆ ಸಿ.ಡಿ. ಓರೆಯಾಗಿ ಮೇಲಿನ ತಗಡಿಗೆ ಒರಗಿರುವ ಸಾಧ್ಯತೆ ಇದೆ. ನಿಮ್ಮ ಕರಕರ ಸದ್ದಿಗೆ ನನ್ನ ಅನುಮಾನ ಅದರ ಮೇಲೇ. ಮೇಜಿನ ಕಂಪ್ಯೂಟರಿನಲ್ಲಿ ಸಿ.ಡಿ.ಯನ್ನು ತಟ್ಟೆಯ ಮೇಲೆ ಸುಮ್ಮನೆ ಇಟ್ಟರೆ ಸಾಕು, ಮೇಲಿನಿಂದ ಒಂದು ಹಿಡಿಕೆ ಬಂದು ಅಮುಕುತ್ತದೆ. ಲ್ಯಾಪ್‌ಟಾಪಿನ ತೆಳ್ಳನೆಯ ಡ್ರೈವಿನಲ್ಲಿ ಹಿಡಿಕೆಗೆ ಜಾಗವಿಲ್ಲ. ನಡುವಿನ ಗುಬುಟಿಗೆ ಪುಟ್ಟ ಸ್ಪ್ರಿಂಗ್ ಹಲ್ಲುಗಳಿರುತ್ತವೆ, ಸಿ.ಡಿ.ಯ ನಡುವನ್ನು ಹೆಬ್ಬೆರಳಿನಿಂದ ಒತ್ತಿ ‘ಕ್ಲಿಕ್’ ಅನ್ನಿಸಬೇಕು. ಅನ್ನಿಸದೆ ಟ್ರೇ ತಳ್ಳಿದರೆ ತಿರುಗುವಾಗ ಸಿ.ಡಿ. ಎದ್ದು ಒರಸಿಕೊಳ್ಳುತ್ತದೆ. ತೆಗೆಯುವಾಗ ಇದರ ಉಲ್ಟಾ: ಹೆಬ್ಬೆರಳು ಗುಬುಟಿಯ ಮೇಲೆ, ಉಳಿದ ಬೆರಳು ಅಂಚಿಗೆ, ಮೆಲ್ಲಗೆ ಎತ್ತಿ. ಅಂಚು ಮಾತ್ರ ಹಿಡಿದು ಎಳೆದರೆ ಹಳೆಯ ಸಿ.ಡಿ. ನಡುವಿನಿಂದ ಸೀಳಬಹುದು.

ಕೈಗೆ ಬಂದ ಮೇಲೆ ಟ್ಯೂಬ್‌ಲೈಟಿಗೆ ಅಡ್ಡ ಹಿಡಿದು ನೋಡಿ. ಹೊಳೆಯುವ ಬದಿಯ ಸಣ್ಣ ಗೀರುಗಳಿಗೆ ಹೆದರಬೇಡಿ. ಲೇಸರ್ ಓದುವುದು 1.2 ಮಿಲಿಮೀಟರ್ ದಪ್ಪದ ಪ್ಲಾಸ್ಟಿಕ್ಕಿನ ಆಚೆಗಿನದನ್ನು, ಮೇಲ್ಮೈಯ ಗೀರು ಅದಕ್ಕೆ ಕನ್ನಡಕದ ಮೇಲಿನ ಧೂಳಿದ್ದಂತೆ. ನಾವು ಕೇರ್ ಇಲ್ಲದೆ ಬಾಲ್‌ಪೆನ್ನಿನಲ್ಲಿ ಹೆಸರು ಬರೆಯುವ ಮೇಲ್ಬದಿಯೇ ನಾಜೂಕು. ಅಲ್ಲಿ ಬೆಳ್ಳಗಿನ ಲೋಹದ ಪದರ ಮತ್ತು ಹೊರಗಿನ ಗಾಳಿಯ ನಡುವೆ ಬರೀ ಒಂದು ತೆಳು ವಾರ್ನಿಷ್ ಇದೆ. ಬೆಳಕಿಗೆ ಹಿಡಿದಾಗ ನಕ್ಷತ್ರದ ಹಾಗೆ ಚುಕ್ಕಿಚುಕ್ಕಿ ಬೆಳಕು ತೂರಿ ಬಂದರೆ ಅಲ್ಲಿ ಪದರ ಉದುರಿದೆ ಎಂದರ್ಥ, ಅಷ್ಟು ಭಾಗ ಹೋಯಿತು. ಬೂಸಲು ಮಾತ್ರ ಇದ್ದರೆ (ನಿಮ್ಮ ಕಡೆಯ ಮಳೆಗಾಲದಲ್ಲಿ ಚಪ್ಪಲಿಗೇ ಬೂಸಲು ಬರುತ್ತದೆ, ಸಿ.ಡಿ.ಗೆ ಬರದೇ ಇದ್ದೀತೇ) ಸೋಪು ಬೆರೆಸಿದ ನೀರಿನಲ್ಲಿ ಮೆತ್ತನೆಯ ಹತ್ತಿಬಟ್ಟೆ ಅದ್ದಿ ಹೊಳೆಯುವ ಬದಿಯನ್ನು ನಡುವಿನಿಂದ ಅಂಚಿಗೆ ಒರಸಿ. ತಟ್ಟೆ ತೊಳೆದಂತೆ ಸುತ್ತಲೂ ತಿಕ್ಕಬೇಡಿ. ಹಾಡಿನ ಸಾಲು ಸುತ್ತು ಸುತ್ತಾಗಿಯೇ ಹೋಗಿರುವುದರಿಂದ ಸುತ್ತಿನ ಗೀರು ಒಂದೇ ಕಡೆಯ ಬಹಳಷ್ಟನ್ನು ನುಂಗುತ್ತದೆ.

ಒಣಗಿದ ಸಿ.ಡಿ.ಯನ್ನು ಅದೇ ಡ್ರೈವಿಗೆ ಮತ್ತೆ ಹಾಕಬೇಡಿ. ಡ್ರೈವ್ ಸರಿಯಿದೆಯೇ ಎಂದು ನೋಡಬೇಕೆನಿಸಿದರೆ ಮನೆಯಲ್ಲಿ ಬಿದ್ದಿರುವ ಯಾವುದಾದರೂ ಬಿಟ್ಟಿ ಸಿ.ಡಿ. ಹಾಕಿ. ತಂದೆಯವರದ್ದನ್ನು ಸ್ನೇಹಿತರ ಒಳ್ಳೆಯ ಡ್ರೈವಿನಲ್ಲೋ ಯು.ಎಸ್.ಬಿ.ಗೆ ಸಿಕ್ಕಿಸುವ ಹೊರಗಿನ ಡ್ರೈವಿನಲ್ಲೋ ಒಮ್ಮೆ ಹಾಕಿ, ಆ ಒಮ್ಮೆಯಲ್ಲೇ ನಕಲು ತೆಗೆದುಬಿಡಿ. ಇಲ್ಲಿ ಬಹಳ ಜನ ಬೀಳುವ ಒಂದು ಹಳ್ಳವಿದೆ. ಆಡಿಯೊ ಸಿ.ಡಿ. ತೆರೆದರೆ ‘ಟ್ರ್ಯಾಕ್ 01’, ‘ಟ್ರ್ಯಾಕ್ 02’ ಎಂದು ಫೈಲುಗಳು ಕಾಣುತ್ತವೆ. ಅವನ್ನು ಎಳೆದು ಪೆನ್‌ಡ್ರೈವಿಗೆ ಹಾಕಿ ‘ಆಯಿತು’ ಎಂದುಕೊಳ್ಳುತ್ತೇವೆ. ಒಂದೊಂದರ ಗಾತ್ರ ನೋಡಿದರೆ 44 ಬೈಟ್! ಅವು ಹಾಡಲ್ಲ, ಹಾಡು ಎಲ್ಲಿಂದ ಶುರು ಎಂಬ ಚೀಟಿ ಮಾತ್ರ. ಸಿ.ಡಿ. ಹೊರಗೆ ತೆಗೆದ ಮೇಲೆ ಅವುಗಳಿಂದ ಒಂದು ಸ್ವರವೂ ಹೊರಡುವುದಿಲ್ಲ. ವಿಂಡೋಸ್ ಮೀಡಿಯಾ ಪ್ಲೇಯರಿನಲ್ಲಿ ‘ರಿಪ್’ ಎಂಬ ಆಯ್ಕೆ ಇದೆ, ಅದರಲ್ಲಿ ವೇವ್ ರೂಪಕ್ಕೆ ಇಳಿಸಿಕೊಳ್ಳಿ. ನಿಮಿಷಕ್ಕೆ ಸುಮಾರು 10 ಎಂಬಿ ಹಿಡಿಯುತ್ತದೆ. 80 ನಿಮಿಷದ ಸಿ.ಡಿ. ಪೂರ್ತಿ ಬಂದರೂ 1 ಜಿಬಿ ದಾಟುವುದಿಲ್ಲ. ಸಿ.ಡಿ. ಒಳಗಿನಿಂದ ಹೊರಗೆ ಓದುವಂಥದ್ದು, ಅಂಚು ಕೆಟ್ಟಿದ್ದರೆ ಕೊನೆಯ ಪದ್ಯ ತೊದಲಬಹುದು, ಆದರೂ ಮುಂಚಿನದೆಲ್ಲ ಸಿಗುತ್ತದೆ. ಆ ಮೂಲ ಕ್ಯಾಸೆಟ್ ಅಟ್ಟದ ಮೇಲೆ ಎಲ್ಲಾದರೂ ಇದ್ದರೆ ಎಸೆಯಬೇಡಿ. ತೊದಲಿದ ಜಾಗಕ್ಕೆ ಅದೇ ಗತಿ.

ಅಂಗಡಿಗೆ ಹೋಗಲೇಬೇಕಾಗಿ ಬಂದರೆ ‘ಸೆಲ್ ಬದಲಿಸಿ, ಬೂಟ್ ಮೋಡ್ ನೋಡಿ, ಹಾರ್ಡ್ ಡಿಸ್ಕ್ ಮುಟ್ಟಬೇಡಿ’ ಎಂದು ಚೀಟಿಯಲ್ಲಿ ಬರೆದು ಲ್ಯಾಪ್‌ಟಾಪಿಗೇ ಅಂಟಿಸಿ. ತಮಾಷೆಗೆ ಹೇಳುತ್ತಿಲ್ಲ. ಕೆಲವು ವರ್ಷಗಳ ಹಿಂದೆ ನಾನೊಂದು ಅಂಗಡಿಗೆ ಬಾಯಿಮಾತಿನಲ್ಲಿ ಹೇಳಿ ಕೊಟ್ಟುಬಂದಿದ್ದೆ. ಸಂಜೆ ಹೋದಾಗ ಯಂತ್ರ ಕುದುರೆಯಂತೆ ಓಡುತ್ತಿತ್ತು. ಡೆಸ್ಕ್‌ಟಾಪ್ ಮಾತ್ರ ಗುಡಿಸಿ ಸಾರಿಸಿದ ಅಂಗಳದಂತಿತ್ತು. ‘ಒಳಗೆ ಫೈಲ್ ಇತ್ತಾ ಸಾರ್?’ ಎಂದು ಹುಡುಗ ಕೇಳಿದ. ಹದಿನಾಲ್ಕು ವರ್ಷದ ಫೋಟೊಗಳಿದ್ದವು.

ವಿಂಡೋಸ್ ಎದ್ದರೂ ಆ ಲ್ಯಾಪ್‌ಟಾಪಿನಲ್ಲಿ ಬ್ಯಾಂಕ್ ವ್ಯವಹಾರ ನಿಲ್ಲಿಸುವುದು ಒಳ್ಳೆಯದು. ಅದರಲ್ಲಿರುವುದು ವಿಂಡೋಸ್ 10 ಆದರೂ, 2025ರ ಅಕ್ಟೋಬರ್ 14ಕ್ಕೆ ಅದರ ಉಚಿತ ಬೆಂಬಲವನ್ನು ಮೈಕ್ರೋಸಾಫ್ಟ್ ಕೊನೆಗೊಳಿಸಿದೆ. ಇಷ್ಟು ಹಳೆಯ ಪ್ರೊಸೆಸರಿಗೆ 11 ಅಧಿಕೃತವಾಗಿ ಹತ್ತುವುದಿಲ್ಲ. ತಾಳಮದ್ದಳೆ ಕೇಳಲು, ಪತ್ರ ಬರೆಯಲು ಧಾರಾಳವಾಗಿ ಸಾಕು. ಹಾರ್ಡ್ ಡಿಸ್ಕ್ ತೆಗೆದು ಎಸ್‌ಎಸ್‌ಡಿ (ತಿರುಗುವ ಭಾಗವಿಲ್ಲದ, ವೇಗದ ಹೊಸ ಬಗೆಯ ಡಿಸ್ಕ್) ಹಾಕಿಸಿದರೆ ಇನ್ನೂ ಕೆಲವು ವರ್ಷ ಬಂದೀತು. ಆದರೆ ಅದು ಸಿ.ಡಿ.ಯ ನಕಲು ಎರಡು ಕಡೆ ಕೂತ ಮೇಲಿನ ಮಾತು.

ನಿಮ್ಮ ಮೂರನೆಯ ಪ್ರಶ್ನೆ ಉಳಿಯಿತು. ನಿಮ್ಮ ಕೈತಪ್ಪು ಏನಾದರೂ ಇದ್ದರೆ ಆ ಒಂದು ‘ಕ್ಲಿಕ್’ ಅಷ್ಟೇ. ಮಿಕ್ಕದ್ದು ಸೆಲ್ಲಿನದು, ಕರೆಂಟಿನದು, ಸ್ವಲ್ಪ ನಮ್ಮದು. ಸೆಟಪ್ ಪುಟದ ತಾರೀಖು ಯಾವ ಇಸವಿ ತೋರಿಸಿತು ಎಂದು ಬರೆಯಿರಿ. ಹಾರ್ಡ್ ಡಿಸ್ಕಿನ ಹೆಸರು ಕಾಣದಿದ್ದರೆ ಮೊಬೈಲಿನಲ್ಲಿ ತೆಗೆದ ಫೋಟೊಗಳನ್ನೂ, ಲ್ಯಾಪ್‌ಟಾಪಿನ ಅಡಿಯ ಚೀಟಿಯಲ್ಲಿರುವ ಮಾದರಿ ಸಂಖ್ಯೆಯನ್ನೂ ಕಳಿಸಿ.

ತಾ.ಕ.: ತಂದೆಯವರು ಯಾವ ಪಾತ್ರದ ಅರ್ಥ ಹೇಳಿದ್ದರು ಎಂದು ನೀವು ಬರೆಯಲೇ ಇಲ್ಲ.