ಪೊಲೀಸರ ಕೆಲಸಕ್ಕೂ ನಮ್ಮ ದೇಶದ ವಿದೇಶಿ ಬೇಹುಗಾರಿಕೆ ಸಂಸ್ಥೆ ರಾ ಕೆಲಸಕ್ಕೂ ಏನು ವ್ಯತ್ಯಾಸ, ಎರಡೂ ಪತ್ತೆ ಹಚ್ಚೋದೇ ಅಲ್ವಾ?

ಅಲ್ಲ. ನಾನು ಪೊಲೀಸೂ ಅಲ್ಲ, ವಕೀಲನೂ ಅಲ್ಲ, ಶ್ರೀನಿವಾಸಪುರದ ಕಡೆ ಮಾವಿನ ತೋಟ ಇಟ್ಕೊಂಡಿರೋನು, ಆದ್ರೆ ಒಂದ್ಸಲ ಮಹಜರಿಗೆ (ಪೊಲೀಸರು ಸ್ಥಳದಲ್ಲಿ ಬರೆಯೋ ದಾಖಲೆ) ಪಂಚನಾಗಿ, ಅಂದ್ರೆ ಸಾಕ್ಷಿಯಾಗಿ ಸೈನ್ ಹಾಕಿ ಕಟಕಟೆ ಹತ್ತಿದ್ಮೇಲೆ ಇದು ಚೆನ್ನಾಗಿ ಅರ್ಥ ಆಯ್ತು.

ಪಕ್ಕದ ತೋಟದ ಬೋರ್‌ವೆಲ್ ಕೇಬಲ್ ಕಳುವಾಗಿತ್ತು. ಸಿಕ್ಕಿಬಿದ್ದವನು ಪೊದೆ ತೋರಿಸಿದ, ಕೇಬಲ್ ಆಚೆ ತೆಗೆದು ನಮ್ಮ ಕಣ್ಣೆದುರಿಗೇ ಅಳೆದು, ಗೋಣಿಚೀಲಕ್ಕೆ ತುಂಬಿ ಅರಗಿನ ಸೀಲ್ ಒತ್ತಿ, ನಾವು ಸೈನ್ ಮಾಡಿದ ಚೀಟಿ ಅಂಟಿಸಿದ್ರು. ಎರಡು ವರ್ಷ ಆದ್ಮೇಲೆ ಸಮನ್ಸ್ ಬಂತು. ಆರೋಪಿ ಕಡೆ ವಕೀಲರು ಪಾಟಿ ಸವಾಲಲ್ಲಿ ಎಷ್ಟು ತುಂಡಿತ್ತು, ಬರೆದಿದ್ದು ಯಾರು, ಓದಿ ಸೈನ್ ಹಾಕಿದ್ರಾ, ಸ್ಟೇಷನ್ನಲ್ಲಿ ಕೂತು ಹಾಕಿದ್ರಾ ಅಂತ ಬಿಡದೆ ಕೇಳಿದ್ರು. ಆವತ್ತು ಸಿಟ್ಟು ಬಂದಿತ್ತು, ಈಗ ಅನ್ಸುತ್ತೆ, ಹಾಗೆ ಕೇಳ್ಲೇಬೇಕು. ಯಾಕಂದ್ರೆ ಪೊಲೀಸರ ಮುಂದೆ ತಪ್ಪೊಪ್ಕೊಂಡಿದ್ದು ಸಾಕ್ಷಿನೇ ಆಗಲ್ಲ, ಅವನು ಹೇಳಿದ ಜಾಗದಲ್ಲಿ ಮಾಲು ಸಿಕ್ಕಿದ್ರೆ ಆ ಮಾತಿಗಷ್ಟೇ ಬೆಲೆ. ಅರೆಸ್ಟ್ ಮಾಡಿದ್ರೆ ಪ್ರಯಾಣದ ಟೈಮ್ ಬಿಟ್ಟು 24 ಗಂಟೆ ಒಳಗೆ ಮ್ಯಾಜಿಸ್ಟ್ರೇಟ್ ಮುಂದೆ ನಿಲ್ಲಿಸ್ಬೇಕು, ಸಂವಿಧಾನದ 22ನೇ ವಿಧಿಲೇ ಇದೆ.

ರಾ ಹುಟ್ಟಿದ್ದು 1968ರಲ್ಲಿ. ಅದಕ್ಕೆ ಮುಂಚೆ ದೇಶದ ಒಳಗಿಂದು ಹೊರಗಿಂದು ಎರಡನ್ನೂ ಕೇಂದ್ರದ ಗುಪ್ತಚರ ಸಂಸ್ಥೆ ಐಬಿನೇ ನೋಡ್ಕೊಳ್ತಿತ್ತು, 1962 ಮತ್ತೆ 1965ರ ಯುದ್ಧಗಳಲ್ಲಿ ಮಾಹಿತಿ ಸಾಲ್ದೆ ಹೋಯ್ತು ಅಂತ ಬೇರೆ ಮಾಡಿದ್ರು. ಹೊರಗಡೆ ಏನು ನಡೀತಿದೆ ಅಂತ ತಿಳ್ಕೊಂಡು ಸರ್ಕಾರದ ಕಿವಿಗೆ ಹಾಕೋದು ಅವರ ಕೆಲಸ, ಎಫ್‌ಐಆರ್ ಇಲ್ಲ, ಅರೆಸ್ಟ್ ಇಲ್ಲ. ಬಂದ ಸುದ್ದಿ ಅರ್ಧಂಬರ್ಧ ನಿಜ ಇದ್ರೂ ಗಡಿಯಲ್ಲಿ ಎಚ್ಚರ ಆಗೋಕೆ ಸಾಕು, ಆದ್ರೆ ಅದೇ ಅರ್ಧಂಬರ್ಧ ಇಟ್ಕೊಂಡು ಒಬ್ಬನ್ನ ಜೈಲಿಗೆ ಹಾಕಿದ್ರೆ ಅನ್ಯಾಯ. ಇನ್ನು ಸುದ್ದಿ ಕೊಟ್ಟವನನ್ನ ನನ್ನ ಥರ ಕಟಕಟೆಗೆ ಕರೆಯೋಕೆ ಹೋದ್ರೆ ಅವನ ಜೀವಕ್ಕೇ ಅಪಾಯ.

ಅದಕ್ಕೇ ಈ ಎರಡೂ ಒಂದೇ ಕೈಲಿ ಇರಬಾರದು. ಅಮೆರಿಕದವರು ತಮ್ಮ ಬೇಹುಗಾರಿಕೆ ಸಂಸ್ಥೆ ಸಿಐಎ ಮಾಡಿದ 1947ರ ಕಾನೂನಲ್ಲೇ ಅದಕ್ಕೆ ಪೊಲೀಸ್ ಅಧಿಕಾರ ಇಲ್ಲ ಅಂತ ಬರೆದಿಟ್ಟಿದಾರೆ. ನಮ್ಮಲ್ಲಿ ರಾಗೆ ಅಂತ ಪಾರ್ಲಿಮೆಂಟ್ ಒಂದು ಕಾನೂನೇ ಮಾಡಿಲ್ಲ, ಮಾಡ್ಬೇಕು ಅಂತ ನನ್ನ ಗಟ್ಟಿ ಅಭಿಪ್ರಾಯ.

ಎನ್‌ಐಎ, ಅಂದ್ರೆ ರಾಷ್ಟ್ರೀಯ ತನಿಖಾ ದಳನೂ ರಾ ಥರಾನೇ ಅಂತ ತುಂಬ ಜನ ಅನ್ಕೊಂಡಿದಾರೆ. 2008ರ ಮುಂಬೈ ದಾಳಿ ಆದ್ಮೇಲೆ ಬಂದಿದ್ದು ಅದು, ಪೊಲೀಸ್ ಕಡೆಗೇ ಸೇರುತ್ತೆ, ಅವರೂ ಪಂಚರನ್ನ ಕರೆದು ಸೈನ್ ಹಾಕಿಸ್ಕೋತಾರೆ, ಚಾರ್ಜ್‌ಶೀಟ್ ಹಾಕ್ತಾರೆ, ಪಾಟಿ ಸವಾಲು ಎದುರಿಸ್ತಾರೆ.