ಹೆನ್ರಿ ವಿಷಯದಲ್ಲಿ ಅದೃಷ್ಟಕ್ಕಿಂತ ಲೆಕ್ಕಾಚಾರ ಹೆಚ್ಚು

30 ತುಂಬಿದ ಡೆರಿಕ್ ಹೆನ್ರಿಗೆ (ಅಮೆರಿಕನ್ ಫುಟ್‌ಬಾಲ್‌ನಲ್ಲಿ ಚೆಂಡು ಹಿಡಿದು ಓಡೋ ರನ್ನಿಂಗ್ ಬ್ಯಾಕ್) 2024ರಲ್ಲಿ ಬಾಲ್ಟಿಮೋರ್‌ನ ರೇವನ್ಸ್ ತಂಡ ದುಡ್ಡು ಸುರಿದದ್ದು ಜೂಜಲ್ವಾ, ಗೆದ್ದದ್ದು ಅದೃಷ್ಟ ಅಲ್ವಾ ಅಂತ ಕೇಳಿದ್ದೀರಿ. ನನಗೆ ಹಾಗನ್ನಿಸಲ್ಲ ಸರ್. ಎರಡು ವರ್ಷಕ್ಕೆ 1.6 ಕೋಟಿ ಡಾಲರ್, ಅದೇನು ಸುರಿದದ್ದಲ್ಲ. ಅದೇ ಬೇಸಿಗೆ ಈಗಲ್ಸ್ ತಂಡದವರು ಇನ್ನೊಬ್ಬ ರನ್ನಿಂಗ್ ಬ್ಯಾಕ್ ಸೇಕ್ವಾನ್ ಬಾರ್ಕ್ಲಿಗೆ ಮೂರು ವರ್ಷಕ್ಕೆ 3.775 ಕೋಟಿ ಡಾಲರ್ ಕೊಟ್ಟರು. ಬಾರ್ಕ್ಲಿ ಪಾಸ್ (ಎಸೆದ ಚೆಂಡು) ಕೂಡ ಹಿಡೀತಾನೆ, ವಯಸ್ಸೂ ಚಿಕ್ಕದು.

ಮುಖ್ಯ ಪ್ರಶ್ನೆ, ಹೆನ್ರಿಯನ್ನು ಯಾವ ಡೌನ್‌ನಲ್ಲಿ (10 ಯಾರ್ಡ್ ಮುಂದೆ ಹೋಗೋಕೆ ಸಿಗೋ ನಾಲ್ಕು ಯತ್ನಗಳಲ್ಲಿ ಯಾವುದರಲ್ಲಿ) ಆಡಿಸ್ತೀರಿ ಅನ್ನೋದು. 2023ರಲ್ಲಿ ಹಿಂದಿನ ತಂಡ ಟೈಟನ್ಸ್‌ನಲ್ಲಿ ಹೆನ್ರಿಯ ಸರಾಸರಿ ಓಟಕ್ಕೆ 4.2 ಯಾರ್ಡ್. ಅವನಿಗೆ ದಾರಿ ಬಿಡಿಸೋ ಮುಂದಿನ ಸಾಲಿನ ಆಟಗಾರರೇ (ಲೈನ್) ಸೊರಗಿದ್ದರು, ಅವನ ಕಾಲಲ್ಲ. ಬಾಲ್ಟಿಮೋರ್‌ನಲ್ಲಿ ಕ್ವಾರ್ಟರ್‌ಬ್ಯಾಕ್ (ಚೆಂಡು ಎಸೆಯೋ, ಹಂಚೋ ಆಟಗಾರ) ಲಾಮಾರ್ ಜಾಕ್ಸನ್ ಯಾವ ಕ್ಷಣದಲ್ಲಾದರೂ ಚೆಂಡು ತಾನೇ ಇಟ್ಕೊಂಡು ಓಡಬಹುದು, ಹಾಗಾಗಿ ಎದುರಾಳಿ ಡಿಫೆನ್ಸ್ ಒಂದು ಹೆಜ್ಜೆ ತಡ ಮಾಡ್ತದೆ. ಅಷ್ಟು ಸಂದು ಸಿಕ್ಕರೆ ಹೆನ್ರಿಯಂಥ ಆಳನ್ನು ಹಿಡಿಯೋರ್ಯಾರು! 2024ರಲ್ಲಿ ಓಟಕ್ಕೆ 5.9 ಸರಾಸರಿ, ಒಟ್ಟು 1,921 ಯಾರ್ಡ್. ಪಾಸ್ ಹಿಡಿಯೋ ಕೆಲಸ ಬಹುಪಾಲು ತಂಡದ ಇನ್ನೊಬ್ಬ ರನ್ನಿಂಗ್ ಬ್ಯಾಕ್ ಜಸ್ಟಿಸ್ ಹಿಲ್‌ಗೆ: ಅವನು 42 ಹಿಡಿದ, ಹೆನ್ರಿ 19.

ನೀವು ತಂಡಕ್ಕೆ ತಗೊಳ್ಳೋಕೆ ನೋಡ್ತಿರೋ ಆಟಗಾರನ ಬಗ್ಗೆಯೂ ಇದೇ ಪ್ರಶ್ನೆ ಕೇಳಿ. ಪಾಸ್ ಹಿಡಿಯಲ್ಲ, ಬ್ಲಿಟ್ಜ್ (ಕ್ವಾರ್ಟರ್‌ಬ್ಯಾಕ್ ಮೇಲೆ ಎದುರಾಳಿಗಳು ಹೆಚ್ಚು ಜನ ನುಗ್ಗೋದು) ತಡೆಯಲ್ಲ ಅಂದ್ರೆ ಮೊದಲ ಎರಡು ಡೌನಿನ ಬೆಲೆ ಅಷ್ಟೇ ಕೊಡಿ, ಒಪ್ಪಂದದ ಮೂರನೇ ವರ್ಷಕ್ಕೆ ದುಡ್ಡಿನ ಗ್ಯಾರಂಟಿಯಂತೂ ಬೇಡವೇ ಬೇಡ.