ಎಂಟೆಕ್ ಮಾಡಿದರೆ ಹಡಗಿನಲ್ಲಿ ಕೆಲಸ ಸಿಗುತ್ತಾ?

ಬಿಇ ಮೆಕ್ಯಾನಿಕಲ್ ಆಗಿದೆ, 26 ವರ್ಷ, ಸೇಡಂ ಕಡೆ ಸಿಮೆಂಟ್ ಫ್ಯಾಕ್ಟರಿಯಲ್ಲಿ ಕೆಲಸ, ಎಂಟೆಕ್ ಮಾಡಿ ಹಡಗಿನ ಇಂಜಿನಿಯರ್ ಆಗಬೇಕು, ಐಐಟಿಗಳಲ್ಲಿ ಖರಗ್‌ಪುರ ಒಳ್ಳೆಯದೋ ಚೆನ್ನೈ ಒಳ್ಳೆಯದೋ ಅಂತ ಕೇಳಿದ್ದೀಯ. ಇದೇ ಮಾತನ್ನು, ಇದೇ ವಯಸ್ಸಿನಲ್ಲಿ, ನಾನು ಕಂಡಕಂಡವರನ್ನೆಲ್ಲಾ ಕೇಳುತ್ತಿದ್ದೆ. ನಾನೂ ಕಲಬುರಗಿಯವನೇ. ನಿನಗಿಂತ ದೊಡ್ಡವನು, ಅದಕ್ಕೆ ನೀನು ಅಂತಲೇ ಬರೆಯುತ್ತೇನೆ ತಮ್ಮಾ, ಬೇಜಾರು ಮಾಡ್ಕೋಬೇಡ.

ವಾಡಿ ಹತ್ತಿರ ಒಂದು ಸಿಮೆಂಟ್ ಫ್ಯಾಕ್ಟರಿಯಲ್ಲಿ ಮೂರು ವರ್ಷ ಮೆಂಟೆನೆನ್ಸ್ ಮಾಡಿದೆ. ಮೇ ತಿಂಗಳಲ್ಲಿ ಕಿಲ್ನ್ ಪಕ್ಕ ಶಿಫ್ಟ್ ಅಂದರೆ ಏನು ಅಂತ ನಿನಗೆ ಹೇಳಬೇಕಾಗಿಲ್ಲ. ಹಡಗಿನ ಹುಚ್ಚು ಹತ್ತಿದ್ದು ಮುಂಬೈಯಲ್ಲಿ. ಕಾಕಾನ ಮನೆಗೆ ಹೋಗಿದ್ದೆ, ಭಾವುಚಾ ಧಕ್ಕಾ ಅನ್ನೋ ದೋಣಿಕಟ್ಟೆಯಿಂದ ಲಾಂಚ್ ಹತ್ತಿದೆವು. ಲಂಗರು ಹಾಕಿದ್ದ ಒಂದು ದೊಡ್ಡ ಹಡಗಿನ ಪಕ್ಕದಲ್ಲೇ ಹಾದು ಹೋದೆವು. ಕತ್ತು ಎತ್ತಿ ನೋಡಿದರೂ ಮೇಲಿನ ಅಂಚು ಕಾಣಲಿಲ್ಲ. ಒಳಗಿಂದ ಇಂಜಿನ್ ಸದ್ದು ಬರುತ್ತಿತ್ತು, ಅದು ಕಿವಿಗಿಂತ ಮೊದಲು ಎದೆಗೆ ತಾಗುತ್ತಿತ್ತು. ಅಲ್ಲಿಂದ ವಾಪಸ್ ಬಂದವನು ಎಂಟೆಕ್ ಪ್ರವೇಶ ಪರೀಕ್ಷೆ ಗೇಟ್‌ಗೆ ಓದೋಕೆ ಕೂತೆ.

ಈಗ ನನ್ನ ತಪ್ಪು ಹೇಳುತ್ತೇನೆ. ಸ್ವಲ್ಪ ಉದ್ದ ಆಗುತ್ತೆ, ಆದರೂ ಪೂರ್ತಿ ಓದು, ಯಾಕಂದರೆ ನಿನ್ನ ಪ್ರಶ್ನೆಯೊಳಗೇ ಆ ತಪ್ಪು ಇದೆ.

ನಮ್ಮ ಕಡೆ ಓದಿನ ಲೆಕ್ಕ ಹೇಗಿದೆ ಗೊತ್ತಲ್ವಾ? ಡಿಪ್ಲೊಮಾಕ್ಕಿಂತ ಬಿಇ ಮೇಲೆ, ಬಿಇಗಿಂತ ಎಂಟೆಕ್ ಮೇಲೆ. ಹಡಗಿಗೂ ಅದೇ ಲೆಕ್ಕ ಹಾಕಿದೆ. ಬಿಇ ಓದಿದವನು ಜೂನಿಯರ್ ಆಗಿ ಹತ್ತಿದರೆ ಎಂಟೆಕ್ ಓದಿದವನು ಇನ್ನೂ ಮೇಲಿನ ಹುದ್ದೆಗೇ ಹತ್ತುತ್ತಾನೆ ಅಂದುಕೊಂಡೆ. ಯಾರನ್ನೂ ಸರಿಯಾಗಿ ವಿಚಾರಿಸಲಿಲ್ಲ. ಕೋರ್ಸಿನ ಹೆಸರಿನಲ್ಲಿ ಓಷನ್ ಅಂತ ಇದೆ, ನೇವಲ್ ಅಂತ ಇದೆ, ಸಾಕು ಅನಿಸಿತು.

ಹಡಗಿನ ಒಳಗಿನ ಮೆಟ್ಟಿಲೇ ಬೇರೆ. ಅಲ್ಲಿ ಡಿಗ್ರಿ ಎಣಿಸುವುದಿಲ್ಲ, ಸಮುದ್ರದಲ್ಲಿ ಎಷ್ಟು ತಿಂಗಳು ಕೆಲಸ ಮಾಡಿದ್ದೀಯ ಅಂತ ಎಣಿಸುತ್ತಾರೆ. ಮೆಕ್ಯಾನಿಕಲ್ ಬಿಇ ಆದವನಿಗೆ ಜಿಎಂಇ ಅಂತ ಒಂದು ವರ್ಷದ ಟ್ರೈನಿಂಗ್ ಇದೆ, ಹಡಗುಗಳ ವಿಷಯ ನೋಡಿಕೊಳ್ಳುವ ಕೇಂದ್ರ ಸರ್ಕಾರದ ಇಲಾಖೆ ಡಿಜಿ ಶಿಪ್ಪಿಂಗ್ ಒಪ್ಪಿದ ಸಂಸ್ಥೆಗಳಲ್ಲಿ ಮಾತ್ರ. ಅದು ಮುಗಿಸಿ ಹಡಗು ಹತ್ತಬೇಕು, ಕನಿಷ್ಠ ಆರು ತಿಂಗಳು ಇಂಜಿನ್ ರೂಮಿನಲ್ಲಿ ಕೆಲಸ ಮಾಡಬೇಕು, ಆಮೇಲೆ ಹಡಗಿನ ಇಂಜಿನಿಯರ್ ಅರ್ಹತೆಗೆ ಎಂಇಒ ಕ್ಲಾಸ್ ಫೋರ್ ಪರೀಕ್ಷೆ. ಪಾಸಾದರೆ ಫೋರ್ತ್ ಇಂಜಿನಿಯರ್. ಮತ್ತೆ ಸಮುದ್ರ, ಮತ್ತೆ ಪರೀಕ್ಷೆ, ಕ್ಲಾಸ್ ಟು. ಮತ್ತೆ ಸಮುದ್ರ, ಕ್ಲಾಸ್ ಒನ್, ಆವಾಗ ಚೀಫ್ ಇಂಜಿನಿಯರ್. ಐಐಟಿಯ ಎಂಟೆಕ್ ಇದ್ದರೂ ಈ ಎಣಿಕೆಗೆ ಒಂದು ದಿನವೂ ಸೇರುವುದಿಲ್ಲ. ಒಂದೇ ಒಂದು ದಿನವೂ ಸೇರುವುದಿಲ್ಲ ತಮ್ಮಾ.

ಇದು ನನಗೆ ತಿಳಿದದ್ದು ಎಂಟೆಕ್ ಮುಗಿದ ಮೇಲೆ. ನವಿ ಮುಂಬೈಯಲ್ಲಿ ಒಂದು ಟ್ರೈನಿಂಗ್ ಸಂಸ್ಥೆಗೆ ಹೋದೆ. ಕೌಂಟರಿನಲ್ಲಿದ್ದವರು ಎಂಟೆಕ್ ಸರ್ಟಿಫಿಕೇಟ್ ಪಕ್ಕಕ್ಕೆ ಇಟ್ಟು ಹತ್ತನೇ ಕ್ಲಾಸಿನ ಮಾರ್ಕ್ಸ್ ಕಾರ್ಡ್ ಕೇಳಿದರು. ಹುಟ್ಟಿದ ದಿನಾಂಕದ ಮೇಲೆ ಹೆಬ್ಬೆರಳ ಉಗುರು ಇಟ್ಟರು. ಜೂನ್ 1. ಆಗಿನ ನಿಯಮದಲ್ಲಿ ಜಿಎಂಇ ಸೇರುವಾಗ 28 ವರ್ಷ ದಾಟಿರಬಾರದಿತ್ತು. ನನಗೆ ದಾಟಿ ಎರಡು ತಿಂಗಳಾಗಿತ್ತು. ಅವ್ವ ಹೇಳೋದು ನಾನು ದೀಪಾವಳಿ ಪಾಡ್ಯದ ಮಾರನೇ ದಿನ ಹುಟ್ಟಿದೆ ಅಂತ. ಆದರೆ ನಮ್ಮೂರ ಶಾಲೆಯಲ್ಲಿ ಅರ್ಧ ಕ್ಲಾಸಿಗೆ ಜೂನ್ 1 ಅಂತಲೇ ಬರೆದಿದ್ದರು. ಮೇಷ್ಟ್ರನ್ನು ನಾನು ಬೈಯುವುದಿಲ್ಲ. ಎರಡು ವರ್ಷ ಮುಂಚೆ ಅದೇ ಕೌಂಟರಿಗೆ ಹೋಗಿದ್ದರೆ ಆ ದಿನಾಂಕ ಅಡ್ಡ ಬರುತ್ತಲೇ ಇರಲಿಲ್ಲ. ಕಲಬುರಗಿಯಿಂದ ರಾತ್ರಿ ರೈಲು ಹತ್ತಿದರೆ ಬೆಳಗ್ಗೆ ಮುಂಬೈ. ಒಂದು ರಾತ್ರಿಯ ಪ್ರಯಾಣ ಮಾಡಲಿಲ್ಲ ನಾನು.

ಹಾಗಂತ ಎಂಟೆಕ್ ಕೆಟ್ಟದ್ದು ಅಂತ ಅಲ್ಲ. ಅಲ್ಲಿ ಕಲಿತದ್ದು ನನಗೆ ಇವತ್ತಿಗೂ ಇಷ್ಟ. ಟೋಯಿಂಗ್ ಟ್ಯಾಂಕ್ ಅಂತ ಇರುತ್ತೆ, ಉದ್ದದ ನೀರಿನ ತೊಟ್ಟಿ, ಮೇಲೆ ಹಳಿಗಳ ಮೇಲೆ ಓಡುವ ಗಾಡಿ, ಅದು ಹಡಗಿನ ಮಾಡೆಲ್ ಎಳೆಯುತ್ತೆ. ಮಾಡೆಲ್ 25ಕ್ಕೆ 1ರ ಅಳತೆಯದಾದರೆ ವೇಗ ಐದನೇ ಒಂದು ಭಾಗ ಇಡಬೇಕು, 20 ನಾಟ್ (ಹಡಗಿನ ವೇಗದ ಅಳತೆ) ಹಡಗಿಗೆ ಮಾಡೆಲ್ 4 ನಾಟ್. ಆಗ ಮಾತ್ರ ಅಲೆಗಳ ಆಕಾರ ಹೊಂದುತ್ತೆ. 19ನೇ ಶತಮಾನದಲ್ಲಿ ವಿಲಿಯಂ ಫ್ರೂಡ್ ಕಂಡುಕೊಂಡ ಲೆಕ್ಕ ಇದು. ಆದರೆ ನೀರಿನ ಉಜ್ಜಾಟ ಆ ಲೆಕ್ಕಕ್ಕೆ ಬಗ್ಗುವುದಿಲ್ಲ, ಅದನ್ನು ಬೇರೆಯಾಗಿ ಲೆಕ್ಕ ಹಾಕಿ ಸೇರಿಸಬೇಕು. ಒಂದು ಸಲ ಓಡಿಸಿದ ಮೇಲೆ ನೀರು ಪೂರ್ತಿ ನಿಲ್ಲುವ ತನಕ ಹದಿನೈದು ಇಪ್ಪತ್ತು ನಿಮಿಷ ಕಾಯಬೇಕು. ಲೈಟಿನ ಬಿಂಬ ನೀರಿನ ಮೇಲೆ ಅಲುಗಾಡದೆ ನಿಂತಾಗ ಮತ್ತೆ ಶುರು. ಹಾಗೆ ಕಾಯುತ್ತಾ ಕೂತ ಸಂಜೆಗಳು ನೆನಪಿವೆ.

ಈಗ ಕೊಚ್ಚಿಯಲ್ಲಿ ಒಂದು ಹಡಗು ಡಿಸೈನ್ ಆಫೀಸಿನಲ್ಲಿದ್ದೇನೆ. ಬ್ಯಾಲಸ್ಟ್ ಪೈಪಿಂಗ್, ಅಂದರೆ ಹಡಗಿನ ಸಮತೋಲನಕ್ಕೆ ತುಂಬುವ ನೀರಿನ ಪೈಪುಗಳು, ನನ್ನ ಕೆಲಸ. ಸಂಬಳ ಪರವಾಗಿಲ್ಲ, ಪ್ರತಿ ರಾತ್ರಿ ಮನೆಗೆ ಬರುತ್ತೇನೆ, ಮಗಳ ಜೊತೆ ಊಟ ಮಾಡುತ್ತೇನೆ. ಆದರೆ ಹೊಸ ಹಡಗನ್ನು ಸಮುದ್ರದಲ್ಲಿ ಓಡಿಸಿ ನೋಡುವ ಸೀ ಟ್ರಯಲ್‌ಗೆ ಹೋದಾಗ ಇಂಜಿನ್ ರೂಮಿಗೆ ಇಳಿದರೆ ಆ ಸದ್ದು ಮತ್ತೆ ಎದೆಗೆ ತಾಗುತ್ತೆ. ಸಂಜೆ ನಾನು ಇಳಿದು ಬರುತ್ತೇನೆ, ಹಡಗಿನ ಇಂಜಿನಿಯರುಗಳು ಮುಂದೆ ಹೋಗುತ್ತಾರೆ. ಆ ಹೊತ್ತು ಇನ್ನೂ ನೋವಾಗುತ್ತೆ.

ಅದಕ್ಕೆ ಖರಗ್‌ಪುರವೋ ಚೆನ್ನೈಯೋ ಅನ್ನೋ ಪ್ರಶ್ನೆಗೆ ನಾನು ಉತ್ತರ ಕೊಡುವುದಿಲ್ಲ. ಎರಡೂ ಒಳ್ಳೆಯವೇ. ದಡದಲ್ಲಿ ಕೂತು ಹಡಗು ಕಟ್ಟುವ ಲೆಕ್ಕ ಮಾಡೋಕೆ ಇಷ್ಟ ಇದ್ದರೆ ಯಾವುದು ಸಿಕ್ಕಿದರೂ ಹೋಗು. ಗೇಟ್ ಸ್ಕೋರ್ ಮೂರು ವರ್ಷ ನಡೆಯುತ್ತೆ, ತಿಂಗಳಿಗೆ 12,400 ಸ್ಟೈಪೆಂಡ್ ಬರುತ್ತೆ, 2022ರಿಂದ ನೇವಲ್ ಆರ್ಕಿಟೆಕ್ಚರ್‌ಗೇ ಬೇರೆ ಪೇಪರ್ ಇದೆ. ನಮ್ಮ ಕಲ್ಯಾಣ ಕರ್ನಾಟಕದ ಮೀಸಲಾತಿಯ 371ಜೆ ಸರ್ಟಿಫಿಕೇಟ್ ಅಲ್ಲಿ ನಡೆಯೋಲ್ಲ, ಅದು ರಾಜ್ಯದ ಸೀಟುಗಳಿಗೆ ಮಾತ್ರ. ಆದರೆ ನೀನು ಬರೆದಿರೋದು ಹಡಗಿಗೆ ಹೋಗಬೇಕು ಅಂತ. ಹಾಗಿದ್ದರೆ ಎಂಟೆಕ್ ಬೇಡ. ಈಗ ಬೇಡವೇ ಬೇಡ. ಆ 28ರ ಲೆಕ್ಕದಲ್ಲಿ ನಿನ್ನ ಹತ್ತಿರ ಇರೋದು ಹೆಚ್ಚೆಂದರೆ ಎರಡು ವರ್ಷ, ಎಂಟೆಕ್‌ಗೆ ಬೇಕಾಗೋದೂ ಎರಡು ವರ್ಷ. ಎಂಟೆಕ್ 40ನೇ ವಯಸ್ಸಿನಲ್ಲೂ ಮಾಡಬಹುದು.

ಜಿಎಂಇಗೆ ಲಕ್ಷಗಟ್ಟಲೆ ಫೀಸು ಇದೆ, ಆಮೇಲೆ ಹಡಗು ಸಿಗೋದೂ ಸುಲಭ ಇಲ್ಲ, ಅದನ್ನು ಮುಚ್ಚಿಡುವುದಿಲ್ಲ. ಕಂಪನಿ ಸ್ಪಾನ್ಸರ್‌ಶಿಪ್ ಇಲ್ಲದೆ ಸೇರಬೇಡ ಅನ್ನೋದು ನನ್ನ ಮಾತು. ಹಡಗು ಹತ್ತಿಸುತ್ತೇನೆ ದುಡ್ಡು ಕೊಡು ಅನ್ನೋ ಏಜೆಂಟ್ ಸಿಕ್ಕರೆ ಅಲ್ಲಿಂದಲೇ ಎದ್ದು ಬಾ. ಕೆಲಸ ಕೊಡಿಸೋಕೆ ನಾವಿಕರಿಂದ ದುಡ್ಡು ತಗೊಳ್ಳೋದು ಕಾನೂನಿನ ಪ್ರಕಾರ ತಪ್ಪು, ಲೈಸೆನ್ಸ್ ಇರೋ ಕಂಪನಿಗಳ ಪಟ್ಟಿ ಡಿಜಿ ಶಿಪ್ಪಿಂಗ್ ವೆಬ್‌ಸೈಟಿನಲ್ಲೇ ಇದೆ. ವಯಸ್ಸಿನ ಈಗಿನ ನಿಯಮವನ್ನೂ ಅಲ್ಲೇ ನೋಡು.

ಎಲ್ಲಕ್ಕಿಂತ ಮುಂಚೆ, ಈ ವಾರವೇ, ಕಲಬುರಗಿಯ ಸೂಪರ್ ಮಾರ್ಕೆಟ್ ಏರಿಯಾ ಕಡೆ ಯಾವುದಾದರೂ ಕಣ್ಣಿನ ಡಾಕ್ಟರ ಹತ್ತಿರ ಹೋಗಿ ಬಣ್ಣದ ಚುಕ್ಕೆಗಳ ಪುಸ್ತಕ ತೋರಿಸಿ ಅಂತ ಕೇಳು. ಬಣ್ಣ ಗುರುತಿಸೋದರಲ್ಲಿ ತೊಂದರೆ ಇದ್ದರೆ ಹಡಗಿನ ಮೆಡಿಕಲ್ ದಾಟುವುದಿಲ್ಲ, ಅದು ಫೀಸು ಕಟ್ಟಿದ ಮೇಲೆ ಗೊತ್ತಾಗಬಾರದು. ಮನೆಗೆ ಬಂದು ಹತ್ತನೇ ಕ್ಲಾಸಿನ ಮಾರ್ಕ್ಸ್ ಕಾರ್ಡ್ ತೆಗೆ. ಅದರಲ್ಲಿರೋ ದಿನಾಂಕ ಇಲ್ಲಿ ಬರಿ. ಎಷ್ಟು ತಿಂಗಳು ಉಳಿದಿದೆ ಅಂತ ಕೂತು ಲೆಕ್ಕ ಹಾಕೋಣ.